ಗುಳಿಗೆ ನಾಟಿತೇ ಎಂದು ಕೇಳುವವರು ಯಾರು?

ನಮ್ಮ ರಾಜ್ಯದಲ್ಲಿ ಹೃದಯಾಘಾತದ ಮಾತು ಶುರುವಾಗುವುದೇ ಸಾವಿನ ಸುದ್ದಿಯಿಂದ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಎಲ್ಲರ ಬಾಯಲ್ಲೂ ಜಿಮ್ಮಿನ ಮಾತು. 2025ರ ಜೂನ್‌ನಲ್ಲಿ ಹಾಸನದಿಂದ ಒಂದರ ಹಿಂದೆ ಒಂದು ಸುದ್ದಿ ಬಂದಾಗ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಉದ್ದುದ್ದ ಸಾಲು. ಕೆಲವೇ ವಾರದಲ್ಲಿ ಸಾಲೂ ಕರಗಿತು, ಮಾತೂ ಕರಗಿತು. ಆದರೆ ಆಘಾತವಾಗಿಯೂ ಬದುಕಿ, ಸ್ಟೆಂಟ್ ಹಾಕಿಸಿಕೊಂಡು ಊರಿಗೆ ವಾಪಸ್ ಬಂದ ಮಂದಿ ಎಷ್ಟೋ ಇದ್ದಾರೆ. ಅವರ ಸುದ್ದಿ ಯಾವ ಚಾನೆಲ್‌ನಲ್ಲೂ ಬರಲ್ಲ. ಈ ಸಲ ನಾವು ಬರೆಯುತ್ತಿರುವುದು ಅವರ ಬಗ್ಗೆ, ಅವರು ದಿನಾ ನುಂಗುವ ಒಂದು ಗುಳಿಗೆಯ ಬಗ್ಗೆ.

ಆ ಗುಳಿಗೆಯ ಹೆಸರು ಕ್ಲೊಪಿಡೊಗ್ರೆಲ್. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಅದರ ಕೆಲಸ. ಕೆಲವರ ಮೈಗೆ ಅದು ನಾಟುವುದೇ ಇಲ್ಲ. ನಾಟಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಗಳು ಬಂದು ವರ್ಷಗಳೇ ಆಗಿವೆ. ಈ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ ಎನ್ನುವುದನ್ನು ನಾವು ಒಪ್ಪುತ್ತೇವೆ. ಆದರೆ ಬೆಂಗಳೂರಿನ ರೋಗಿಗಿಂತ ಪೋತ್ನಾಳದ ರೋಗಿಗೆ ಅದು ಹೆಚ್ಚು ಬೇಕು ಎನ್ನುವುದು ನಮ್ಮ ವಾದ. ಯಾಕೆ ಎಂದು ಹೇಳುತ್ತೇವೆ, ಸ್ವಲ್ಪ ತಾಳ್ಮೆಯಿಂದ ಓದ್ರಿ.

ಪೋತ್ನಾಳದಿಂದ ಕ್ಯಾತ್ ಲ್ಯಾಬ್‌ವರೆಗೆ

ಪೋತ್ನಾಳ ಮಾನ್ವಿ ತಾಲೂಕಿನ ಊರು. ರಾಯಚೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಮಾನ್ವಿ ದಾಟಿದ ಮೇಲೆ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಭತ್ತದ ಗದ್ದೆಗಳ ಸೀಮೆ. ಅಲ್ಲಿಯ ಐವತ್ತೈದು ವರ್ಷದ ಒಬ್ಬ ರೈತನಿಗೆ ರಾತ್ರಿ ಎದೆ ಹಿಂಡಿದಂಗಾಗಿ ಬೆವರು ಕಿತ್ತುಕೊಂಡಿತು ಅಂತ ಇಟ್ಟುಕೊಳ್ಳೋಣ. ಮನೆಯವರು ಗಾಡಿ ಮಾಡಿಕೊಂಡು ಮಾನ್ವಿಗೋ ಸಿಂಧನೂರಿಗೋ ಓಡುತ್ತಾರೆ. ಅಲ್ಲಿ ಇಸಿಜಿ ಆಗುತ್ತದೆ.

ಪುನೀತ್ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆ ಇರುವುದು ಇಂಥ ಹೊತ್ತಿಗಾಗಿಯೇ. ಇಸಿಜಿ ಆನ್‌ಲೈನ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ, ಕೃತಕ ಬುದ್ಧಿಮತ್ತೆಯ ನೆರವಿನಿಂದ ನಿಮಿಷಗಳಲ್ಲಿ ಉತ್ತರ ಬರುತ್ತದೆ. ದೊಡ್ಡ ಆಘಾತವೆಂದು ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿಯನ್ನು ಪುಕ್ಕಟೆಯಾಗಿ ಅಲ್ಲಿಯೇ ಹಾಕುತ್ತಾರೆ. ಹಾಸನದ ಸಾವುಗಳ ನಂತರ ಈ ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ಒಳ್ಳೆಯ ಯೋಜನೆ. ಇದರಿಂದ ಜೀವ ಉಳಿಯುತ್ತವೆ, ಅದರಲ್ಲಿ ನಮಗೆ ಎರಡು ಮಾತಿಲ್ಲ.

ಈಗ ಒಂದು ವ್ಯತ್ಯಾಸ ನೋಡ್ರಿ. ಬೆಂಗಳೂರಿನ ಜಯನಗರದಲ್ಲಿ ಇದೇ ಆಘಾತವಾದರೆ ರೋಗಿಯನ್ನು ನೇರವಾಗಿ ಕ್ಯಾತ್ ಲ್ಯಾಬಿಗೆ ಒಯ್ದು ಸ್ಟೆಂಟ್ ಹಾಕಬಹುದು. ಅಂಥವರಿಗೆ ಶುರುವಿನಿಂದಲೇ ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್ ಎಂಬ ಹೊಸ, ಬಲವಾದ ಗುಳಿಗೆ ಕೊಡುವುದು ವಾಡಿಕೆ. ಆದರೆ ಹೆಪ್ಪು ಕರಗಿಸುವ ಸೂಜಿ ಹಾಕಿದವರಿಗೆ ಬಲವಾದ ಗುಳಿಗೆಯನ್ನೂ ಒಟ್ಟಿಗೇ ಕೊಟ್ಟರೆ ರಕ್ತಸ್ರಾವದ ಭಯ. ಹಾಗಾಗಿ ಸೂಜಿಯ ಜೊತೆ ಕೊಡುವುದು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್. 75 ಮಿಲಿಗ್ರಾಮಿನ ನಾಲ್ಕು ಗುಳಿಗೆ ಒಮ್ಮೆಲೇ, ಆಮೇಲೆ ದಿನಕ್ಕೊಂದು. ಮುಂದೆ 3ರಿಂದ 24 ಗಂಟೆಯೊಳಗೆ ಆ್ಯಂಜಿಯೋಗ್ರಾಮ್‌ಗಾಗಿ ರಾಯಚೂರು, ಕಲಬುರಗಿ ಅಥವಾ ಹೈದರಾಬಾದ್ ಕಡೆ ಪಯಣ.

ಅಂದರೆ ನಗರದವರಿಗೆ ಹಲವು ಗುಳಿಗೆಗಳಲ್ಲಿ ಒಂದಾಗಿರುವ ಕ್ಲೊಪಿಡೊಗ್ರೆಲ್, ನಮ್ಮ ಕಡೆಯವರಿಗೆ ಬಹುತೇಕ ಏಕೈಕ ಗುಳಿಗೆ. ದೂರವೇ ಅದನ್ನು ಆರಿಸಿಕೊಡುತ್ತದೆ. ಅದು ಕೆಲಸ ಮಾಡದಿದ್ದರೆ ನಷ್ಟ ಹೆಚ್ಚು ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ.

ಗುಳಿಗೆ ಯಾಕೆ ನಾಟುವುದಿಲ್ಲ?

ಕ್ಲೊಪಿಡೊಗ್ರೆಲ್ ನುಂಗಿದ ರೂಪದಲ್ಲಿ ಔಷಧವೇ ಅಲ್ಲ. ಯಕೃತ್ತಿನ ಕಿಣ್ವಗಳು ಅದನ್ನು ಎರಡು ಹಂತದಲ್ಲಿ ಬದಲಾಯಿಸಿದ ಮೇಲೆಯೇ ಅದು ಔಷಧವಾಗುವುದು. ನುಂಗಿದ್ದರಲ್ಲಿ ಸುಮಾರು 85 ಪಾಲು ಬೇರೆ ದಾರಿ ಹಿಡಿದು ವ್ಯರ್ಥವಾಗುತ್ತದೆ, ಉಳಿದ 15 ಪಾಲು ಮಾತ್ರ ಈ ದಾರಿಗೆ ಬರುತ್ತದೆ. ಈ ಕೆಲಸದಲ್ಲಿ ಮುಖ್ಯ ಪಾತ್ರ ಸಿವೈಪಿ2ಸಿ19 ಎಂಬ ಕಿಣ್ವದ್ದು. ಅದರ ಜೀನ್‌ನಲ್ಲಿ ದೋಷವಿದ್ದರೆ ಆ 15 ಪಾಲೂ ಸರಿಯಾಗಿ ಔಷಧವಾಗುವುದಿಲ್ಲ. ರೋಗಿ ತಪ್ಪದೇ ಗುಳಿಗೆ ನುಂಗುತ್ತಾನೆ, ಆದರೆ ಪ್ಲೇಟ್‌ಲೆಟ್‌ಗಳು ಎಂದಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತಲೇ ಇರುತ್ತವೆ.

ಈ ದೋಷ ಅಪರೂಪದ್ದಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ದಕ್ಷಿಣ ಭಾರತದಲ್ಲಿ ಪುದುಚೇರಿಯ ಜಿಪ್ಮರ್ ಸಂಶೋಧಕರು ಎರಡು ದಶಕದ ಹಿಂದೆಯೇ ಈ ಜೀನ್ ಬಗ್ಗೆ ಅಧ್ಯಯನ ಮಾಡಿದ್ದಾರೆ. ನಮ್ಮ ಭಾಗದ ಜನರಲ್ಲಿ ಈ ಜೀನಿನ ಸರಿಸುಮಾರು ಮೂರರಲ್ಲಿ ಒಂದು ಪ್ರತಿ ದೋಷವಿರುವುದು. ಇಲ್ಲಿಂದ ಮುಂದೆ ನಮ್ಮ ಎರಡನೇ ಪಿಯುಸಿ ಗಣಿತ ಸಾಕು. ಪ್ರತಿಯೊಬ್ಬರಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿ. ಎರಡೂ ದೋಷವಿರುವ ಸಾಧ್ಯತೆ 1/3 × 1/3, ಅಂದರೆ 1/9. ನೂರಕ್ಕೆ 11 ಮಂದಿ. ಎರಡೂ ಸರಿಯಿರುವುದು 4/9. ಒಂದು ಸರಿ, ಒಂದು ದೋಷ ಇರುವವರು ಉಳಿದ 4/9. ಒಟ್ಟು ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕನಿಷ್ಠ ಒಂದು ದೋಷದ ಪ್ರತಿ!

ಇದು ಬರೀ ಕಾಗದದ ಲೆಕ್ಕ ಅಲ್ಲ. ಬ್ರಿಟನ್‌ನಲ್ಲಿ ನೆಲೆಸಿದ ಬಾಂಗ್ಲಾ ಮತ್ತು ಪಾಕಿಸ್ತಾನ ಮೂಲದ 44 ಸಾವಿರಕ್ಕೂ ಹೆಚ್ಚು ಜನರ ಜೀನ್ ನೋಡಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥವರು ನೂರಕ್ಕೆ 57 ಮಂದಿ, ಎರಡೂ ಪ್ರತಿ ದೋಷವಿದ್ದವರು 13 ಮಂದಿ ಇದ್ದರು. ನಮ್ಮ ಲೆಕ್ಕಕ್ಕೂ ಅದಕ್ಕೂ ಹೆಚ್ಚು ದೂರವಿಲ್ಲ. ಯುರೋಪಿನ ಬಿಳಿಯರಲ್ಲಿ ಎರಡೂ ಪ್ರತಿ ದೋಷವಿರುವವರು ನೂರಕ್ಕೆ ಎರಡು ಮೂರು ಮಂದಿ ಮಾತ್ರ.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಸೋದರಮಾವನಿಗೆ ಹೆಣ್ಣು ಕೊಡುವುದು ನಮಗೆ ಹೊಸದಲ್ಲ. ಮಾವ–ಸೊಸೆಯ ಮದುವೆಯಲ್ಲಿ ಹುಟ್ಟುವ ಮಗುವಿಗೆ ಒಂದೇ ಪೂರ್ವಜರ ಒಂದೇ ಜೀನ್ ಎರಡೂ ಕಡೆಯಿಂದ ಬರುವ ಸಾಧ್ಯತೆ 1/8. ಅದನ್ನು ಸೇರಿಸಿದರೆ 1/9 ಇದ್ದದ್ದು 5/36 ಆಗುತ್ತದೆ, ಅಂದರೆ ನೂರಕ್ಕೆ ಸುಮಾರು 14. ಇನ್ನೊಂದು ಮಾತು: ಮನೆಯಲ್ಲಿ ಒಬ್ಬರಿಗೆ ಎರಡೂ ಪ್ರತಿ ದೋಷವಿದ್ದರೆ ಒಡಹುಟ್ಟಿದವರಿಗೂ ಹಾಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕೆ ಕಡಿಮೆಯಿಲ್ಲ. ಅಣ್ಣನ ರಿಪೋರ್ಟ್ ತಮ್ಮನಿಗೂ ಎಚ್ಚರಿಕೆ.

ಹಾಗಂತ ಎಲ್ಲ ತಪ್ಪನ್ನೂ ಜೀನ್ ತಲೆಗೆ ಕಟ್ಟುವುದೂ ಸರಿಯಲ್ಲ. ಒಬ್ಬರಿಂದೊಬ್ಬರಿಗೆ ಕಾಣುವ ವ್ಯತ್ಯಾಸದಲ್ಲಿ ಈ ಜೀನ್ ವಿವರಿಸುವುದು ಸುಮಾರು 12 ಪಾಲು ಮಾತ್ರ ಎಂದು 2009ರ ಒಂದು ಅಧ್ಯಯನ ತೋರಿಸಿತು. ಒಂದೇ ಪ್ರತಿ ದೋಷವಿರುವ ಎಷ್ಟೋ ಮಂದಿಗೆ ಗುಳಿಗೆ ಸಾಕಷ್ಟು ಕೆಲಸ ಮಾಡುತ್ತದೆ. ಸಕ್ಕರೆ ಕಾಯಿಲೆ, ವಯಸ್ಸು, ಮೈತೂಕ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಊರುಗಳಲ್ಲಿ ಯಾರೂ ಗಮನಿಸದ ಕಾರಣ ಇನ್ನೊಂದಿದೆ, ಅದು ಗ್ಯಾಸ್ ಗುಳಿಗೆ. ಹೊಟ್ಟೆ ಉಬ್ಬರ ಅಂದರೆ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೇ ಒಮೆಪ್ರಜೋಲ್ ಕೊಡುತ್ತಾರೆ. ಅದೂ ಇದೇ ಕಿಣ್ವವನ್ನು ತಡೆಯುತ್ತದೆ. ಕ್ಲೊಪಿಡೊಗ್ರೆಲ್ ಜೊತೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಬೇಡ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಪ್ಯಾಂಟೊಪ್ರಜೋಲ್‌ನಿಂದ ಈ ತೊಂದರೆ ಕಡಿಮೆ. ಇನ್ನು ಸುಗ್ಗಿ ಗಡಿಬಿಡಿಯಲ್ಲಿ ನಾಲ್ಕು ದಿನ ಗುಳಿಗೆಯನ್ನೇ ಮರೆತವರ ಕಥೆ ಬೇರೆ.

ಎರಡು ಬಗೆಯ ಪರೀಕ್ಷೆ

ಮೊದಲನೆಯದು ಪ್ಲೇಟ್‌ಲೆಟ್‌ಗಳು ಈಗ ಹೇಗೆ ವರ್ತಿಸುತ್ತಿವೆ ಎಂದು ನೋಡುವುದು. 1962ರಲ್ಲಿ ಗುಸ್ಟಾವ್ ಬಾರ್ನ್ ಎಂಬ ವಿಜ್ಞಾನಿ ಇದಕ್ಕೊಂದು ಸರಳ ಉಪಾಯ ತೋರಿಸಿದರು. ರಕ್ತದ ಪ್ಲಾಸ್ಮಾದೊಳಗೆ ಬೆಳಕು ಬಿಡಬೇಕು. ಪ್ಲೇಟ್‌ಲೆಟ್‌ಗಳು ಬಿಡಿಬಿಡಿಯಾಗಿ ತೇಲುತ್ತಿದ್ದರೆ ದ್ರವ ಮಬ್ಬು. ಎಡಿಪಿ ಎಂಬ ರಾಸಾಯನಿಕ ಹಾಕಿದಾಗ ಅವು ಗುಂಪುಗಟ್ಟುತ್ತವೆ, ದ್ರವ ತಿಳಿಯಾಗುತ್ತದೆ, ಹೆಚ್ಚು ಬೆಳಕು ದಾಟುತ್ತದೆ. ಗುಳಿಗೆ ನಾಟಿದ್ದರೆ ಗುಂಪು ಕಟ್ಟುವುದು ಕಡಿಮೆ. ಇಂದಿನ ವೆರಿಫೈನೌ ಯಂತ್ರವೂ ಬೆಳಕನ್ನೇ ಅಳೆಯುತ್ತದೆ, ಮಲ್ಟಿಪ್ಲೇಟ್ ಎಂಬುದು ಎರಡು ವಿದ್ಯುದ್ವಾರಗಳ ನಡುವಿನ ತಡೆಯನ್ನು ಅಳೆಯುತ್ತದೆ. ತೊಡಕೇನೆಂದರೆ ರಕ್ತ ತಾಜಾ ಇರಬೇಕು, ನಾಲ್ಕು ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು. ಪೋತ್ನಾಳದಲ್ಲಿ ತೆಗೆದ ರಕ್ತವನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಎರಡನೆಯದು ಜೀನ್ ಪರೀಕ್ಷೆ. ಕೆನ್ನೆಯ ಒಳಭಾಗದಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದರೂ ಸಾಕು. 2012ರಲ್ಲಿ ಕೆನಡಾದಲ್ಲಿ ನಡೆದ ರ‍್ಯಾಪಿಡ್ ಜೀನ್ ಅಧ್ಯಯನದಲ್ಲಿ ನರ್ಸ್‌ಗಳೇ ರೋಗಿಯ ಪಕ್ಕದಲ್ಲಿ ಸುಮಾರು ಒಂದು ಗಂಟೆಯಲ್ಲಿ ಇದನ್ನು ಮಾಡಿ ತೋರಿಸಿದರು. ಡಿಎನ್‌ಎ ಬಸ್ಸಿನಲ್ಲೂ ಹೋಗುತ್ತದೆ, ಕೆಡುವುದಿಲ್ಲ. ರಕ್ತದ ಗುಂಪಿನಂತೆ ಒಮ್ಮೆ ನೋಡಿದರೆ ಜೀವನಪೂರ್ತಿ ಸಾಕು. ಆದರೆ ರೋಗಿ ಗುಳಿಗೆ ನುಂಗಿದನೋ ಬಿಟ್ಟನೋ ಎಂಬುದು ಇದರಲ್ಲಿ ಕಾಣುವುದಿಲ್ಲ.

ಇಲ್ಲಿ ಒಂದು ನೆನಪು ಮಾಡಿಕೊಳ್ಳಿ. 2020ರಲ್ಲಿ ಕೋವಿಡ್ ಬಂದಾಗ ಜಿಲ್ಲೆ ಜಿಲ್ಲೆಗೂ ಆರ್‌ಟಿ–ಪಿಸಿಆರ್ ಲ್ಯಾಬ್ ಬಂತು. ಈ ಜೀನ್ ಪರೀಕ್ಷೆಯೂ ಅದೇ ಪಿಸಿಆರ್ ತಂತ್ರದ್ದು. ಯಂತ್ರದ ಬುನಾದಿ ಈಗಾಗಲೇ ಇದೆ. ಬೇಕಿರುವುದು ಕಿಟ್, ತರಬೇತಿ ಮತ್ತು ಮನಸ್ಸು.

ನಮಗೆ ಎದುರಾಗುವ ಪುರಾವೆ

ನಮ್ಮ ವಾದಕ್ಕೆ ವಿರುದ್ಧವಾದದ್ದನ್ನೂ ಹೇಳಲೇಬೇಕು. "ಪರೀಕ್ಷೆ ಮಾಡಿ, ಗುಳಿಗೆ ಬದಲಿಸಿ, ಎಲ್ಲ ಸರಿಹೋಗುತ್ತೆ" ಎನ್ನುವಷ್ಟು ಸರಳವಾಗಿಲ್ಲ ವಿಷಯ. 2011ರ ಗ್ರಾವಿಟಾಸ್ ಪ್ರಯೋಗದಲ್ಲಿ ಗುಳಿಗೆ ನಾಟದ 2214 ಮಂದಿಯಲ್ಲಿ ಅರ್ಧ ಮಂದಿಗೆ ಎರಡು ಪಟ್ಟು ಕ್ಲೊಪಿಡೊಗ್ರೆಲ್ ಕೊಟ್ಟರು. ತೊಂದರೆಗಳ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ, 2.3%. ಮರುವರ್ಷ ಫ್ರಾನ್ಸಿನ ಆರ್ಕ್ಟಿಕ್ ಪ್ರಯೋಗದಲ್ಲಿ 2440 ಮಂದಿಯಲ್ಲಿ ಸ್ಟೆಂಟ್‌ಗೆ ಮುಂಚೆ ಪರೀಕ್ಷೆ ಮಾಡಿದವರಿಗೂ ಮಾಡದವರಿಗೂ ಲಾಭದಲ್ಲಿ ವ್ಯತ್ಯಾಸ ಕಾಣಲಿಲ್ಲ. 2020ರ ಟೇಲರ್–ಪಿಸಿಐ ಪ್ರಯೋಗದಲ್ಲಿ ದೋಷದ ಜೀನ್ ಇರುವವರ ಪೈಕಿ ಗುಳಿಗೆ ಬದಲಿಸಿದವರಲ್ಲಿ 4.0%, ಬದಲಿಸದವರಲ್ಲಿ 5.9% ತೊಂದರೆ ಕಂಡಿತು. ಕೇಳಲು ಚೆನ್ನಾಗಿದೆ, ಆದರೆ ಸಂಖ್ಯಾಶಾಸ್ತ್ರದ ಗೆರೆಯನ್ನು ಅದು ಕೂದಲೆಳೆಯಷ್ಟರಲ್ಲಿ ದಾಟಲಿಲ್ಲ. ಹೀಗಾಗಿ ಸ್ಟೆಂಟ್ ಹಾಕುವ ಎಲ್ಲರಿಗೂ ರೂಢಿಯಾಗಿ ಪರೀಕ್ಷೆ ಬೇಡ ಎಂದು ಮಾರ್ಗಸೂಚಿಗಳು ಹೇಳುತ್ತ ಬಂದವು. ಹೇಳಿದ್ದರಲ್ಲಿ ತಪ್ಪಿಲ್ಲ.

ಹಾಗಿದ್ದರೆ ನಮ್ಮ ವಾದ ಬಿದ್ದುಹೋಯಿತೇ? ಈ ಪ್ರಯೋಗಗಳು ಬಹುಪಾಲು ನಡೆದದ್ದು ಅಪಾಯ ಕಡಿಮೆ ಇದ್ದ, ಮೊದಲೇ ದಿನ ಗೊತ್ತುಮಾಡಿ ಸ್ಟೆಂಟ್ ಹಾಕಿದ ರೋಗಿಗಳಲ್ಲಿ. ಅದೂ ದೋಷದ ಜೀನ್ ನಮ್ಮಲ್ಲಿರುವಷ್ಟು ಇಲ್ಲದ ನಾಡುಗಳಲ್ಲಿ. ಮೇಲಾಗಿ ಗ್ರಾವಿಟಾಸ್‌ನಲ್ಲಿ ಕೊಟ್ಟದ್ದು ನಾಟದ ಅದೇ ಗುಳಿಗೆಯ ದೊಡ್ಡ ಡೋಸ್. ಬೀಜವೇ ಮೊಳೆಯದ ಗದ್ದೆಗೆ ಅದೇ ಬೀಜ ಇನ್ನೊಂದು ಚೀಲ ಚೆಲ್ಲಿದಂತೆ. ಇನ್ನೊಂದು ಕಡೆ, 2013ರಲ್ಲಿ ಪ್ರಕಟವಾದ ಅಡಾಪ್ಟ್–ಡೆಸ್ ಅಧ್ಯಯನ 8583 ಮಂದಿಯನ್ನು ಗಮನಿಸಿ, ಗುಳಿಗೆ ನಾಟದವರಲ್ಲಿ ವರ್ಷದೊಳಗೆ ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯ ಸುಮಾರು ಎರಡೂವರೆ ಪಟ್ಟು ಎಂದು ಹೇಳಿತು. ಎಫ್‌ಡಿಎ 2010ರಲ್ಲಿಯೇ ಈ ಗುಳಿಗೆಯ ಮೇಲೆ ತನ್ನ ಅತ್ಯಂತ ಗಂಭೀರ ಬಗೆಯ ಎಚ್ಚರಿಕೆ ಹಾಕಿಸಿತು. ಏಷ್ಯಾ ಮತ್ತು ಪೆಸಿಫಿಕ್ ಮೂಲದವರು ಹೆಚ್ಚಿರುವ ಹವಾಯಿ ರಾಜ್ಯ, ಈ ವಿಷಯ ಸರಿಯಾಗಿ ತಿಳಿಸಲಿಲ್ಲವೆಂದು ಔಷಧ ಕಂಪನಿಗಳ ಮೇಲೆ ಕೇಸು ಹಾಕಿತು. 2024ರಲ್ಲಿ ಅಲ್ಲಿಯ ನ್ಯಾಯಾಲಯ 91 ಕೋಟಿ ಡಾಲರ್‌ಗೂ ಹೆಚ್ಚಿನ ದಂಡ ವಿಧಿಸಿತು. ಅದೇ ವರ್ಷ ಬ್ರಿಟನ್‌ನ ನೈಸ್ ಸಂಸ್ಥೆ ಪಾರ್ಶ್ವವಾಯು ರೋಗಿಗಳಿಗೆ ಕ್ಲೊಪಿಡೊಗ್ರೆಲ್ ಕೊಡುವಾಗ ಜೀನ್ ಪರೀಕ್ಷೆ ಮಾಡಲು ಶಿಫಾರಸು ಮಾಡಿತು.

"ಎಲ್ಲರಿಗೂ ಬಲವಾದ ಗುಳಿಗೆಯನ್ನೇ ಕೊಟ್ಟುಬಿಡಿ"

ಪರೀಕ್ಷೆಯ ರಗಳೆಯೇ ಬೇಡ, ಸೂಜಿಯ ಪರಿಣಾಮ ಇಳಿದ ಮೇಲೆ ಎಲ್ಲರಿಗೂ ಟಿಕಾಗ್ರೆಲಾರ್ ಕೊಟ್ಟರಾಯಿತು ಎನ್ನುವವರಿದ್ದಾರೆ. ಅದಕ್ಕೆ ಕಿಣ್ವದ ಹಂಗಿಲ್ಲ, ನಿಜ. ಆದರೆ ದಿನಕ್ಕೆ ಎರಡು ಸಲ ನುಂಗಬೇಕು, ಕೆಲವರಿಗೆ ಉಸಿರು ಕಟ್ಟಿದಂಗಾಗುತ್ತದೆ, ರಕ್ತಸ್ರಾವ ಹೆಚ್ಚು, ಬೆಲೆಯೂ ಹೆಚ್ಚು. ಉಸಿರು ಕಟ್ಟಿದಂಗಾದರೆ ನಮ್ಮ ಹಿರಿಯರು ಡಾಕ್ಟರಿಗೆ ಫೋನ್ ಮಾಡಲ್ಲ, ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ. ಹೊಸ ಸ್ಟೆಂಟ್ ಇರುವವರಿಗೆ ಅದಕ್ಕಿಂತ ದೊಡ್ಡ ಗಂಡಾಂತರ ಇಲ್ಲ. ಪ್ರಾಸುಗ್ರೆಲ್ ಕೊಡಬೇಕೆಂದರೆ ಹಿಂದೆ ಪಾರ್ಶ್ವವಾಯು ಆಗಿರಬಾರದು, 75 ದಾಟಿದವರಿಗೆ ಮತ್ತು 60 ಕಿಲೋಗಿಂತ ಕಡಿಮೆ ತೂಕದವರಿಗೆ ಎಚ್ಚರ ಬೇಕು. ಗದ್ದೆಯಲ್ಲಿ ದುಡಿದ ನಮ್ಮ ಎಷ್ಟೋ ಮಂದಿ 60 ಕಿಲೋ ತೂಗುವುದೇ ಇಲ್ಲ.

ಪರೀಕ್ಷೆ ಅಂದರೆ ದುಬಾರಿ ಗುಳಿಗೆಗೆ ದಾರಿ ಅಂತ ಮಂದಿ ಅನುಮಾನಿಸುತ್ತಾರೆ. ಆಗುವುದು ಉಲ್ಟಾ. ನೆದರ್ಲೆಂಡ್ಸ್ ಮುಂದಾಳತ್ವದಲ್ಲಿ ನಡೆದ ಪಾಪ್ಯುಲರ್ ಜೆನೆಟಿಕ್ಸ್ ಪ್ರಯೋಗದಲ್ಲಿ (2019, 2488 ರೋಗಿಗಳು) ಜೀನ್ ಸರಿಯಿದ್ದವರಿಗೆ ಧೈರ್ಯವಾಗಿ ಕ್ಲೊಪಿಡೊಗ್ರೆಲ್ ಕೊಟ್ಟರು. ಹೃದಯದ ತೊಂದರೆಗಳು ಹೆಚ್ಚಲಿಲ್ಲ, ರಕ್ತಸ್ರಾವ 12.5%ರಿಂದ 9.8%ಕ್ಕೆ ಇಳಿಯಿತು. ಅಂದರೆ ಅಗ್ಗದ ಗುಳಿಗೆ ಯಾರಿಗೆ ಸಾಕು ಎಂದು ಹೇಳುವುದಕ್ಕೂ ಇದೇ ಪರೀಕ್ಷೆ ಬೇಕು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟ್ ಬೆಲೆಯನ್ನು 29,600 ರೂಪಾಯಿಗೆ ಮಿತಿಗೊಳಿಸಿದಾಗ ಬಡವರಿಗೆ ದೊಡ್ಡ ಉಪಕಾರವಾಯಿತು. ಸ್ಟೆಂಟ್ ಕೈಗೆಟುಕಿತು. ಅದನ್ನು ಕಾಯುವ ಗುಳಿಗೆ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಮಾತ್ರ ಬಾಕಿ ಉಳಿಯಿತು.

ನಾವು ಕೇಳುವುದು ಇಷ್ಟೇ

ತುರ್ತಿನಲ್ಲಿ ಬಂದವರಿಗೆ ಪರೀಕ್ಷೆಗಾಗಿ ಒಂದು ನಿಮಿಷವೂ ಕಾಯಿಸುವುದು ಬೇಡ. ಮೊದಲು ಜೀವ, ಆಮೇಲೆ ರಿಪೋರ್ಟ್. ಆದರೆ ತಾಲೂಕು ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಂಡು ಬಂದ ರೋಗಿಯ ಮಾದರಿಯನ್ನು ಅಲ್ಲಿಯೇ ತೆಗೆದು ಕಳಿಸಬಹುದು. ಆ್ಯಂಜಿಯೋಗ್ರಾಮ್ ಮಾಡುವ ದೊಡ್ಡ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ, ಎರಡು ಮೂರು ಸ್ಟೆಂಟ್ ಬೀಳುವವರಿಗೆ, ಹಿಂದೆ ಸ್ಟೆಂಟ್ ಮುಚ್ಚಿಕೊಂಡವರಿಗೆ ಪ್ಲೇಟ್‌ಲೆಟ್ ಪರೀಕ್ಷೆಯೂ ಆಗಲಿ. ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಯ ಜಯದೇವ ಆಸ್ಪತ್ರೆ ಉದ್ಘಾಟನೆಯಾಯಿತು. ಹಾಸಿಗೆಗಳ ಆ ಸಂಖ್ಯೆಯೇ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ವಿಧಿಯ ನೆನಪು. ಕಲ್ಯಾಣ ಕರ್ನಾಟಕದವರ ಜೀನ್ ಮತ್ತು ಗುಳಿಗೆಯ ಲೆಕ್ಕವನ್ನು ಬೇರೆ ನಾಡಿನ ಅಂಕಿಗಳಿಂದ ಊಹಿಸುವ ಬದಲು ಅಲ್ಲಿಯೇ ಅಧ್ಯಯನ ಮಾಡಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಸ್ಟೆಂಟ್ ಪ್ಯಾಕೇಜ್‌ನಲ್ಲಿ ಪರೀಕ್ಷೆಯ ಖರ್ಚೂ ಬರಲಿ, ರೋಗಿಯ ಜೇಬಿನಿಂದ ಬೇಡ. ರಿಪೋರ್ಟ್ ಬೆಂಗಳೂರಿನ ಸರ್ವರ್‌ನಲ್ಲಿ ಉಳಿಯದೇ, "ಈ ರೋಗಿಗೆ ಕ್ಲೊಪಿಡೊಗ್ರೆಲ್ ನಾಟುವುದಿಲ್ಲ" ಅಂತ ಡಿಸ್ಚಾರ್ಜ್ ಚೀಟಿಯ ಮೇಲೆ ಕನ್ನಡದಲ್ಲಿ ಒಂದು ಸಾಲಾಗಿ ಬರಲಿ.

ಎಂಜಿನಿಯರಿಂಗ್ ಹುಡುಗ ಹುಡುಗಿಯರಾದ ನಮಗೂ ಇಲ್ಲಿ ಕೆಲಸವಿದೆ. ಪ್ರತಿ ವರ್ಷ ಫೈನಲ್ ಇಯರ್‌ನಲ್ಲಿ ಗೆರೆ ಹಿಡಿದು ಓಡುವ ರೋಬೋಟ್, ತಾನೇ ಮುಚ್ಚಳ ತೆಗೆಯುವ ಕಸದಬುಟ್ಟಿ ಸಾಕಷ್ಟು ಮಾಡಿದ್ದಾಯಿತು. ಬಾರ್ನ್ ಅವರ ಯಂತ್ರಕ್ಕೆ ಬೇಕಾದದ್ದು ಎಲ್‌ಇಡಿ, ಫೋಟೋಡಯೋಡ್, 37 ಡಿಗ್ರಿ ಕಾಯ್ದುಕೊಳ್ಳುವ ಹೀಟರ್, ಕಲಕಲು ಪುಟ್ಟ ಮೋಟಾರ್, ಒಂದು ಮೈಕ್ರೋಕಂಟ್ರೋಲರ್. ಜೋಡಿಸುವುದು ಕಷ್ಟವಲ್ಲ. ಇವತ್ತು ಬಂದ ಅಂಕಿ ನಾಳೆಯೂ ಬರುವಂತೆ, ರಾಯಚೂರಿನ ಬೇಸಿಗೆಯಲ್ಲೂ ಬರುವಂತೆ ಮಾಡುವುದು ಕಷ್ಟ. ಅದೇ ನಿಜವಾದ ಎಂಜಿನಿಯರಿಂಗ್. ಮೆಡಿಕಲ್ ಕಾಲೇಜಿನವರ ಜೊತೆ, ಅವರ ಎಥಿಕ್ಸ್ ಕಮಿಟಿಯ ಒಪ್ಪಿಗೆಯಿಂದಲೇ ಇದು ಆಗಬೇಕು. ಒಂದು ಬ್ಯಾಚ್‌ನಲ್ಲಿ ಮುಗಿಯದಿದ್ದರೆ ಜೂನಿಯರ್‌ಗಳು ಮುಂದುವರಿಸಲಿ.

ಕಡೆಯದಾಗಿ, ಇದನ್ನು ಓದಿ ಯಾರೂ ತಾವಾಗಿ ಗುಳಿಗೆ ಬಿಡಬೇಡಿ, ಬದಲಿಸಲೂ ಬೇಡಿ. ನಿಮ್ಮ ಮನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡ ಅಪ್ಪ, ದೊಡ್ಡಪ್ಪ, ಅತ್ತೆ ಯಾರಾದರೂ ಇದ್ದರೆ ಇವತ್ತೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ದಿನಾ ಗುಳಿಗೆ ತಗೋತೀರಾ? ಜೊತೆಗೆ ಗ್ಯಾಸ್ ಗುಳಿಗೆ ಯಾವುದು ತಗೋತೀರಾ, ಹೆಸರು ಓದ್ರಿ? ಮುಂದಿನ ಸಲ ದವಾಖಾನಿಗೆ ಹೋದಾಗ "ಈ ಗುಳಿಗೆ ನನಗೆ ನಾಟತಾದೇನ್ರಿ?" ಅಂತ ಡಾಕ್ಟರಿಗೆ ಕೇಳ್ತೀರಾ? ಮೊದಲೆರಡು ಪ್ರಶ್ನೆಗೆ ಉತ್ತರ ಮನೆಯಲ್ಲೇ ಸಿಗುತ್ತದೆ. ಮೂರನೆಯದನ್ನು ಸಾವಿರ ಮಂದಿ ಕೇಳತೊಡಗಿದರೆ, ಉತ್ತರ ಕೊಡುವ ಯಂತ್ರವೂ ನಮ್ಮ ಜಿಲ್ಲೆಗೆ ಬಂದೇ ಬರುತ್ತದೆ.